ಪರದೇಶದ ಲೈಸೆನ್ಸು, ಬಾಯಿಪಾಠದ ಅಕ್ಷರಗಳು

2025ರ ಮಳೆಗಾಲದ ಒಂದು ಭಾನುವಾರ. ಎರಡನೆಯ ಪೂಜೆ ಮುಗಿದು ಜನರೆಲ್ಲ ಮನೆಗೆ ತೆರಳಿದ್ದರು. ನಾವು ಗುರುನಿವಾಸದ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾಗ, ದುಬಾಯಿಯಿಂದ ರಜೆಯಲ್ಲಿ ಬಂದಿದ್ದ ನಮ್ಮ ಧರ್ಮಕೇಂದ್ರದ ಹಿರಿಯ ಚಾಲಕರೊಬ್ಬರು ಕೊಡೆ ಮಡಚುತ್ತಾ ಮೆಟ್ಟಿಲೇರಿದರು. ಮಳೆಯ ವಿಚಾರ, ಅಡಿಕೆಗೆ ಬಂದ ಕೊಳೆರೋಗದ ವಿಚಾರ, ಇಗರ್ಜಿಯ ಮಾಡು ಸೋರುವ ವಿಚಾರ, ಹೀಗೆ ಒಂದೊಂದಾಗಿ ಮಾತಾಡಿದ ಮೇಲೆ ಅವರು ತಗ್ಗಿದ ದನಿಯಲ್ಲಿ ಕೇಳಿದರು:

"ಫಾದರ್, ಕಣ್ಣಿನ ಪರೀಕ್ಷೆಯ ಹಲಗೆಯಲ್ಲಿರುವ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಹೇಳಿದರೆ ಅದು ಪಾಪವಾಗುತ್ತದೆಯೇ?"

ನಾವು ನಕ್ಕೆವು. ಅವರು ನಗಲಿಲ್ಲ. ಆಗ ನಮಗೆ ವಿಷಯ ಗಂಭೀರವಾದುದೆಂದು ತಿಳಿಯಿತು.

ಇದು ಪಾಪನಿವೇದನೆಯಲ್ಲಿ ಕೇಳಿದ ಪ್ರಶ್ನೆಯಲ್ಲ, ಜಗಲಿಯಲ್ಲಿ ಕೇಳಿದ ಪ್ರಶ್ನೆ. ಆದರೂ ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ. ಹೆಸರು ಬೇಡವೆಂದಿದ್ದಾರೆ. ಹೆಸರಿಲ್ಲದಿದ್ದರೂ ಊರಿನ ಅರ್ಧ ಜನರಿಗೆ ಗೊತ್ತಾಗುತ್ತದೆ ಎಂಬುದು ಬೇರೆ ಮಾತು.

ಅವರಿಗೆ ಈಗ ಐವತ್ತನಾಲ್ಕು ವರ್ಷ. 2000ನೇ ಇಸವಿಯಲ್ಲಿ ದುಬಾಯಿಯಲ್ಲಿ ಲೈಸೆನ್ಸು ಪಡೆದು ಅಂದಿನಿಂದ ಸರಕು ಸಾಗಿಸುವ ವ್ಯಾನು ಓಡಿಸುತ್ತಿದ್ದಾರೆ. ಆ ಲೈಸೆನ್ಸನ್ನು ಅವರು ತಮ್ಮ ಪದವಿ ಪ್ರಮಾಣಪತ್ರವೆಂದೇ ಕರೆಯುತ್ತಾರೆ. ಅದರಲ್ಲಿ ಅತಿಶಯೋಕ್ತಿಯೇನೂ ಇಲ್ಲ. ಬ್ರಿಟನ್, ಅಮೆರಿಕ, ಇಟಲಿ ಮೊದಲಾದ ಕೆಲವು ದೇಶಗಳ ಲೈಸೆನ್ಸು ಉಳ್ಳವರು ಅಲ್ಲಿ ವಾಸದ ಪರವಾನಗಿ ಪಡೆದ ಮೇಲೆ ತಮ್ಮ ಲೈಸೆನ್ಸನ್ನು ತೋರಿಸಿ ಅಲ್ಲಿಯದನ್ನು ಪಡೆಯಬಹುದು. ಭಾರತದ ಹೆಸರು ಆ ಪಟ್ಟಿಯಲ್ಲಿಲ್ಲ. ಊರಿನಲ್ಲಿ ಇಪ್ಪತ್ತು ವರ್ಷ ಘಾಟಿ ರಸ್ತೆಯಲ್ಲಿ ಲಾರಿ ಓಡಿಸಿದವನೂ ಅಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಬೇಕು, ನಿಯಮಗಳ ಪರೀಕ್ಷೆ ಬರೆಯಬೇಕು, ಪಾರ್ಕಿಂಗ್ ಪರೀಕ್ಷೆ ಕೊಡಬೇಕು, ಕೊನೆಗೆ ರಸ್ತೆಯ ಪರೀಕ್ಷೆ. ಒಮ್ಮೆ ಅನುತ್ತೀರ್ಣನಾದರೆ ಮತ್ತೆ ಪಾಠ, ಮತ್ತೆ ಶುಲ್ಕ. ಸಾವಿರಾರು ದಿರ್ಹಂ ಖರ್ಚಾಗುತ್ತದೆ. ನಮ್ಮ ಈ ಚಾಲಕರು ನಾಲ್ಕನೆಯ ಸಲಕ್ಕೆ ತೇರ್ಗಡೆಯಾದವರು. ಆ ದಿನ ಅವರ ತಾಯಿ ಇಲ್ಲಿ ಇಗರ್ಜಿಗೆ ಬಂದು ಮೇಣದ ಬತ್ತಿ ಹಚ್ಚಿದ್ದರಂತೆ. ಆಗ ನಾವು ಈ ಧರ್ಮಕೇಂದ್ರದಲ್ಲಿರಲಿಲ್ಲ.

ಅಲ್ಲಿ ನಮ್ಮವರ ಒಂದು ತಪ್ಪು ತಿಳಿವಳಿಕೆಯೂ ಇದೆ. ಪ್ರವಾಸಿಯಾಗಿ ಹೋದವನು ಅಂತರರಾಷ್ಟ್ರೀಯ ಪರ್ಮಿಟಿನ ಮೇಲೆ ಕಾರು ಓಡಿಸಬಹುದು ನಿಜ. ಆದರೆ ವಾಸದ ಪರವಾನಗಿ ಕೈಗೆ ಬಂದ ದಿನದಿಂದ ಊರಿನ ಲೈಸೆನ್ಸಾಗಲಿ, ಆ ಪರ್ಮಿಟ್ ಆಗಲಿ ಅಲ್ಲಿ ನಡೆಯದು. ಮಗ ದುಬಾಯಿಗೆ ಹೊರಡುವ ಮೊದಲು ಇಲ್ಲಿಂದ ಪರ್ಮಿಟ್ ಮಾಡಿಸಿ ಕೊಟ್ಟು ನಿಶ್ಚಿಂತರಾಗುವ ತಂದೆಯರು ಇದನ್ನು ತಿಳಿದಿರಬೇಕು.

ಹಿಂದೆ ಅಲ್ಲಿಯ ಲೈಸೆನ್ಸು ಒಮ್ಮೆ ದೊರೆತರೆ ಹತ್ತು ವರ್ಷ ಚಿಂತೆಯಿರಲಿಲ್ಲ. 2017ರ ಜುಲೈ 1ರಿಂದ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಿಯಮ ಬದಲಾಯಿತು. ಹೊಸದಾಗಿ ಪಡೆಯುವವರಿಗೆ ಮೊದಲು ಎರಡು ವರ್ಷ. ನವೀಕರಿಸುವಾಗ ಪರದೇಶಿಗಳಿಗೆ ಐದು ವರ್ಷ, ಅಲ್ಲಿಯ ನಾಗರಿಕರಿಗೆ ಹತ್ತು ವರ್ಷ. ನಮ್ಮ ಚಾಲಕರು 2010ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ನವೀಕರಿಸಿದರು. 2020 ಎಂದರೆ ಕೊರೊನಾದ ವರ್ಷ. ಕೆಲಸ ಉಳಿಯುವುದೋ ಇಲ್ಲವೋ ಎಂಬ ಭಯದಲ್ಲಿದ್ದವನು ಕಾರ್ಡಿನ ಮೇಲಿನ ತಾರೀಖನ್ನು ಓದುವನೇ? ಮೊದಲಿನ ಹಾಗೆ ಹತ್ತು ವರ್ಷ ಎಂದು ಭಾವಿಸಿ ಪರ್ಸಿನೊಳಗೆ ಇಟ್ಟುಬಿಟ್ಟರು. ಈ ಸಲ ರಜೆಯಲ್ಲಿ ಬಂದಾಗ ಬ್ಯಾಂಕಿನ ಕೆಲಸಕ್ಕೆಂದು ಕಾಗದಪತ್ರಗಳ ಜೆರಾಕ್ಸ್ ಮಾಡಿಸಲು ಹೊರಟ ಅವರ ಪತ್ನಿ ಆ ಕಾರ್ಡನ್ನು ತಿರುಗಿಸಿ ನೋಡಿ, "ಇದು ಬರುವ ಸೆಪ್ಟೆಂಬರಿಗೆ ಮುಗಿಯುತ್ತದಲ್ಲ!" ಎಂದರಂತೆ.

ನಾಗರಿಕನಿಗೆ ಹತ್ತು, ಪರದೇಶಿಗೆ ಐದು. ಇದು ಅನ್ಯಾಯವಲ್ಲವೇ ಎಂದು ನಮ್ಮ ಯುವಕರು ಕೇಳುತ್ತಾರೆ. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ಜರ್ಮನಿಯ ದಾರ್ಶನಿಕ ಇಮ್ಯಾನುವೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದ ಕಿರುಗ್ರಂಥವೊಂದನ್ನು ನಮಗೆ ಪಾಠ ಮಾಡಿದ್ದರು. ಪರದೇಶಕ್ಕೆ ಬಂದವನನ್ನು ವೈರಿಯಂತೆ ನಡೆಸಿಕೊಳ್ಳಬಾರದು, ಅದು ಅವನ ಹಕ್ಕು; ಆದರೆ ಆ ಹಕ್ಕು ಭೇಟಿಗೆ ಮಾತ್ರ ಸಂಬಂಧಿಸಿದ್ದು, ಅತಿಥಿಯಾಗಿ ನೆಲೆಸಬೇಕಾದರೆ ಬೇರೆಯೇ ಒಪ್ಪಂದ ಬೇಕು ಎಂಬುದು ಅಲ್ಲಿಯ ವಾದದ ತಿರುಳು. ಅಂದು ಅದು ನಮಗೆ ಪರೀಕ್ಷೆಗೆ ಓದುವ ವಿಷಯವಾಗಿತ್ತು. ಇಂದು ನಮ್ಮ ಧರ್ಮಕೇಂದ್ರದ ಪ್ರತಿ ಮೂರನೆಯ ಮನೆಯಲ್ಲಿ ಆ ಒಪ್ಪಂದದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿರುವುದನ್ನು ಕಾಣುತ್ತೇವೆ. ಇಪ್ಪತ್ತೈದು ವರ್ಷ ಒಂದೂ ಅಪಘಾತವಿಲ್ಲದೆ ಓಡಿಸಿದವನು ಐದು ವರ್ಷಕ್ಕೊಮ್ಮೆ ಬಂದು ನಿಲ್ಲಬೇಕೆಂಬುದು ಮನಸ್ಸಿಗೆ ಹಿತವಲ್ಲ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಚಾಲಕನಿಗೆ ವಯಸ್ಸಾಗುವುದಕ್ಕೆ ರಾಷ್ಟ್ರೀಯತೆಯ ಭೇದವಿಲ್ಲ. ಕಣ್ಣು ಕೆಡುವುದಕ್ಕೂ ಇಲ್ಲ. ಐದು ವರ್ಷ ಹೆಚ್ಚೇನಲ್ಲ, ಹತ್ತು ವರ್ಷವೇ ಅತಿಯಾಯಿತು ಎಂದು ನಮಗೆ ಅನ್ನಿಸುವುದುಂಟು.

ಕಷ್ಟವಿರುವುದು ಆ ಐದು ವರ್ಷದಲ್ಲಲ್ಲ, ತಾರೀಖುಗಳ ಸಂಖ್ಯೆಯಲ್ಲಿ. ಅಲ್ಲಿ ವಾಸಿಸುವವನ ಪಾಸ್‌ಪೋರ್ಟಿಗೆ ಹತ್ತು ವರ್ಷ. ಕಂಪೆನಿಯ ಕೆಲಸಗಾರನ ವಾಸದ ಪರವಾನಗಿಗೆ ಸಾಮಾನ್ಯವಾಗಿ ಎರಡು ವರ್ಷ, ಅದರೊಡನೆ ಬರುವ ಎಮಿರೇಟ್ಸ್ ಐ.ಡಿ. ಎಂಬ ಗುರುತುಚೀಟಿಗೂ ಅಷ್ಟೇ. ಲೈಸೆನ್ಸಿಗೆ ಐದು. ಸ್ವಂತ ಕಾರಿದ್ದರೆ ಅದರ ನೋಂದಣಿ ಒಂದು ವರ್ಷ, ವಿಮೆ 13 ತಿಂಗಳು. ಇವು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಪಾಸ್‌ಪೋರ್ಟಿನಲ್ಲಿ ಆರು ತಿಂಗಳಾದರೂ ಉಳಿದಿರದಿದ್ದರೆ ವಾಸದ ಪರವಾನಗಿ ಮುಂದುವರಿಯುವುದಿಲ್ಲ. ಅದು ಮುಂದುವರಿಯದಿದ್ದರೆ ಐ.ಡಿ. ಇಲ್ಲ, ಐ.ಡಿ. ಇಲ್ಲದೆ ಲೈಸೆನ್ಸಿನ ನವೀಕರಣವಿಲ್ಲ. ಯಾವ ಕಾರಣದಿಂದಲೋ ಆರು ತಿಂಗಳಿಗಿಂತ ಹೆಚ್ಚು ಕಾಲ ದೇಶದ ಹೊರಗೆ ಉಳಿದರೆ ಸಾಮಾನ್ಯ ಕೆಲಸಗಾರನ ವಾಸದ ಪರವಾನಗಿಯೇ ಬಿದ್ದುಹೋಗುತ್ತದೆ. ತಾಯಿಯ ಆರೈಕೆಗೆಂದು ಬಂದು ಏಳು ತಿಂಗಳು ನಿಂತವರೊಬ್ಬರ ಕಥೆ ನಮಗೆ ಗೊತ್ತು. ಲೈಸೆನ್ಸಿನಲ್ಲಿ ಇನ್ನೂ ಮೂರು ವರ್ಷ ಉಳಿದಿತ್ತು. ಆದರೆ ಅದನ್ನು ಉಪಯೋಗಿಸುವ ರಸ್ತೆಗೆ ಹೋಗುವ ದಾರಿಯೇ ಮುಚ್ಚಿತ್ತು.

ಕೊಲ್ಲಿಯ ಎಲ್ಲ ದೇಶಗಳಲ್ಲಿಯೂ ಒಂದೇ ನಿಯಮವೆಂದು ತಿಳಿಯಬಾರದು. ಕುವೈತಿನಲ್ಲಿ ಪರದೇಶಿಯು ಲೈಸೆನ್ಸು ಪಡೆಯಬೇಕಾದರೆ ಎರಡು ವರ್ಷದ ವಾಸ, ವಿಶ್ವವಿದ್ಯಾಲಯದ ಪದವಿ, 600 ದಿನಾರ್ ಸಂಬಳ ಇರಬೇಕೆಂದು 2014ರಲ್ಲಿ ಷರತ್ತು ವಿಧಿಸಲಾಯಿತು. ಮನೆಚಾಲಕರಂಥ ಕೆಲವು ವೃತ್ತಿಯವರಿಗೆ ವಿನಾಯಿತಿ ಕೊಡಲಾಯಿತು. ಆದರೆ ವೃತ್ತಿ ಬದಲಾದರೆ ಲೈಸೆನ್ಸಿಗೂ ಸಂಚಕಾರ. ಸಂಬಳ ಇಳಿದ ಕಾರಣಕ್ಕಾಗಿ, ಹುದ್ದೆ ಬದಲಾದ ಕಾರಣಕ್ಕಾಗಿ ಕೈಯಲ್ಲಿದ್ದ ಲೈಸೆನ್ಸನ್ನು ಕಳೆದುಕೊಂಡವರುಂಟು. ಸೌದಿ ಅರೇಬಿಯದಲ್ಲಿ 2018ರ ಜೂನ್ 24ರವರೆಗೆ ಮಹಿಳೆಯರಿಗೆ ವಾಹನ ಓಡಿಸುವ ಅನುಮತಿಯೇ ಇರಲಿಲ್ಲ. ಅಲ್ಲಿ ದಾದಿಯಾಗಿರುವ ನಮ್ಮ ಊರಿನ ಒಬ್ಬ ಹೆಣ್ಣುಮಗಳು ಕಳೆದ ಕ್ರಿಸ್ಮಸಿಗೆ ಬಂದಿದ್ದಾಗ ತನ್ನ ಲೈಸೆನ್ಸನ್ನು ಚಿನ್ನದ ಪದಕದಂತೆ ತೋರಿಸಿದಳು. ಅವಳ ಗಂಡನಿಗೆ ಇನ್ನೂ ಆಗಿಲ್ಲ. ಅದರ ಬಗ್ಗೆ ಅವರ ಮನೆಯಲ್ಲಿ ಮಾತಾಡುವ ಹಾಗಿಲ್ಲ!

ದುಬಾಯಿಯಲ್ಲಿ ನವೀಕರಣದ ಕ್ರಮ ಮಾತ್ರ ಬಹಳ ಸರಳ. ಅಂಗೀಕೃತವಾದ ಕನ್ನಡಕದ ಅಂಗಡಿಗೆ ಐ.ಡಿ. ತೆಗೆದುಕೊಂಡು ಹೋಗಿ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಫಲಿತಾಂಶವನ್ನು ಅವರೇ ಕಂಪ್ಯೂಟರಿನ ಮೂಲಕ ರಸ್ತೆ ಮತ್ತು ಸಾರಿಗೆ ಪ್ರಾಧಿಕಾರಕ್ಕೆ ಕಳುಹಿಸುತ್ತಾರೆ. ಬಾಕಿಯಿರುವ ದಂಡಗಳನ್ನು ಕಟ್ಟಬೇಕು. ನಂತರ ಮೊಬೈಲಿನಲ್ಲೇ ಶುಲ್ಕ ಕಟ್ಟಿದರೆ ಮುಗಿಯಿತು. ನಮ್ಮಲ್ಲಿ ಒಂದು ಸಹಿಗೆ ಮೂರು ಸಲ ಅಲೆದವರಿಗೆ ಇದು ಸ್ವರ್ಗದಂತೆ ಕಾಣಬಹುದು. ತಡವಾದರೆ ತಿಂಗಳಿಗೆ 10 ದಿರ್ಹಂ ದಂಡ. ಈ ಹತ್ತು ದಿರ್ಹಂ ನಮ್ಮವರನ್ನು ಮೋಸಗೊಳಿಸುತ್ತದೆ. "ಹತ್ತೇ ಅಲ್ಲವೇ, ಮುಂದಿನ ತಿಂಗಳು ನೋಡೋಣ" ಎನ್ನುತ್ತಾರೆ. ಆದರೆ ಅವಧಿ ಮುಗಿದ ಲೈಸೆನ್ಸಿನಲ್ಲಿ ವಾಹನ ಓಡಿಸುವುದು ಪ್ರತ್ಯೇಕ ಅಪರಾಧ. ಅಂಥ ಸಮಯದಲ್ಲಿ ಅಪಘಾತವಾದರೆ ವಿಮೆಯ ಕಂಪೆನಿ ಹಣವನ್ನು ಚಾಲಕನಿಂದಲೇ ಕೇಳಬಹುದು. ಆ ಹಣವನ್ನು ಮುಗಿಸಲು ಒಂದು ಜೀವಮಾನ ಸಾಲದು.

ದಂಡದ ಬಾಕಿಯ ವಿಷಯದಲ್ಲಿ ಇನ್ನೊಂದು ಮಾತು. ಅಲ್ಲಿ ಪ್ರತಿಯೊಬ್ಬನ ಹೆಸರಿನಲ್ಲಿ ಒಂದು ಟ್ರಾಫಿಕ್ ಫೈಲ್ ಇರುತ್ತದೆ. ಅವನ ಕಾರಿಗೆ ಬಿದ್ದ ದಂಡವೆಲ್ಲ ಅದರಲ್ಲಿ ಸೇರುತ್ತದೆ. ನಮ್ಮ ಧರ್ಮಕೇಂದ್ರದ ಯುವಕನೊಬ್ಬ ತಾನು ರಜೆಗೆ ಬರುವಾಗ ಕಾರನ್ನು ಗೆಳೆಯನ ಕೈಗೆ ಕೊಟ್ಟು ಬಂದ. ಗೆಳೆಯನೂ ನಮ್ಮ ಪಕ್ಕದ ಊರಿನವನೇ. ಒಂದು ತಿಂಗಳಲ್ಲಿ ಅವನು ಶಾರ್ಜಾ ರಸ್ತೆಯ ರಾಡಾರಿನ ಮುಂದೆ ಎಷ್ಟು ಸಲ ಮಿಂಚಿಸಿದನೋ, ದಂಡ ಬೆಳೆಯಿತು. ಯುವಕ ಹಿಂದಿರುಗಿ ಕೇಳಿದರೆ "ಮುಂದಿನ ಸಂಬಳಕ್ಕೆ ಕೊಡುತ್ತೇನೆ" ಎಂದ. ಎರಡು ಸಂಬಳವಾದ ಮೇಲೆ ಕೆಲಸ ಬಿಟ್ಟು ಊರಿಗೆ ಬಂದೇಬಿಟ್ಟ. ವರ್ಷ ಕಳೆದು ಲೈಸೆನ್ಸು ನವೀಕರಿಸಲು ಹೋದ ಯುವಕನಿಗೆ ಮೊದಲು ದಂಡ ಕಟ್ಟು ಎಂಬ ಉತ್ತರ ಬಂತು. ಸಾಲ ಮಾಡಿ ಕಟ್ಟಿದ. ಎರಡೂ ಮನೆಯವರು ಈಗ ಪರಸ್ಪರ ಮಾತಾಡುವುದಿಲ್ಲ. ನಾವು ಎರಡು ಸಲ ಹೋಗಿ ಮಾತಾಡಿದೆವು; ಗೆಳೆಯನ ತಂದೆ, "ಕಾರು ಕೊಟ್ಟದ್ದು ಅವನು, ನಾವು ಕೇಳಿದ್ದೇವೆಯೇ?" ಎಂದರು. ಅವರು ಇದನ್ನು ಓದುತ್ತಾರೆಂದು ನಮಗೆ ಗೊತ್ತು. ಕೊಡಬೇಕಾದ ಹಣ ಕೊಡಬೇಕಾದ ಹಣವೇ.

ಈಗ ಜಗಲಿಗೆ ಹಿಂದಿರುಗೋಣ.

ಅಕ್ಷರಗಳನ್ನು ಬಾಯಿಪಾಠ ಮಾಡುವ ಉಪಾಯವನ್ನು ಅವರಿಗೆ ಹೇಳಿಕೊಟ್ಟವರು ಅಲ್ಲಿ ಅವರ ಕೋಣೆಯಲ್ಲಿರುವವರು. ದೂರದಿಂದ ಓದಿಸುವ ಈ ಅಕ್ಷರದ ಹಲಗೆಯನ್ನು ಹಾಲೆಂಡಿನ ನೇತ್ರವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ. ಅದರ ಒಂದು ಮಾದರಿ ಲೋಕದೆಲ್ಲೆಡೆ ಹರಡಿರುವುದರಿಂದ ಮೇಲಿನ ಸಾಲುಗಳನ್ನು ನೆನಪಿಡುವುದು ಕಷ್ಟವಲ್ಲ. ಯಾರದೋ ಮೊಬೈಲಿನಿಂದ ಚಿತ್ರ ಪಡೆದು ಅವರು ಆಗಲೇ ಐದು ಸಾಲು ಕಲಿತಿದ್ದರು. ನಮ್ಮ ಮುಂದೆ ಹೇಳಿಯೂ ತೋರಿಸಿದರು, ಶಾಲೆಯ ಹುಡುಗ ಮಗ್ಗಿ ಒಪ್ಪಿಸಿದಂತೆ.

"ನೀವು ಸುಳ್ಳು ಹೇಳುವುದು ಕನ್ನಡಕದ ಅಂಗಡಿಯವನಿಗಲ್ಲ, ಸಂಜೆ ಹೊತ್ತು ರಸ್ತೆ ದಾಟುವವನಿಗೆ" ಎಂದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ರಸ್ತೆ ದಾಟುವವನ ಮಗಳ ಕಾಲೇಜಿನ ಫೀಸು ನಾನು ಕಟ್ಟಬೇಕಾಗಿಲ್ಲ ಫಾದರ್. ನನ್ನ ಮಗಳದ್ದು ಕಟ್ಟಬೇಕು. ಇನ್ನು ಎರಡು ವರ್ಷವಿದೆ."

ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ನ್ಯಾಯಶಾಸ್ತ್ರದ ಪಾಠದಲ್ಲಿ ಕಾನೂನೆಂಬುದು ಸರ್ವರ ಹಿತಕ್ಕಾಗಿ ವಿವೇಕವು ಮಾಡಿದ ಏರ್ಪಾಡು ಎಂದು ಸಂತ ತೋಮಸ್ ಅಕ್ವಿನಾಸರನ್ನು ಅನುಸರಿಸಿ ಬರೆದು ಒಳ್ಳೆಯ ಅಂಕ ಪಡೆದಿದ್ದೆವು. ಆ ಸರ್ವರಲ್ಲಿ ತಾನೂ ಒಬ್ಬ, ತನ್ನ ಮಗಳೂ ಒಬ್ಬಳು ಎಂದು ಐವತ್ತನಾಲ್ಕು ವರ್ಷದ ದಣಿದ ಮನುಷ್ಯನೊಬ್ಬ ಜಗಲಿಯಲ್ಲಿ ಕುಳಿತು ಹೇಳಿದಾಗ ಆ ಅಂಕಗಳು ಉಪಯೋಗಕ್ಕೆ ಬರಲಿಲ್ಲ. ಬೇರೊಂದು ಪ್ರಶ್ನೆ ಕೇಳಿದೆವು: "ನಿಮಗೆ ಏನು ಕಾಣುವುದಿಲ್ಲ?"

ಆಗ ಎಲ್ಲವೂ ಹೊರಗೆ ಬಂತು. ಎರಡು ವರ್ಷದಿಂದ ರಾತ್ರಿ ಎದುರಿನ ವಾಹನದ ದೀಪ ಒಡೆದು ಹರಡಿದಂತೆ ಕಾಣುತ್ತದೆ. ದೀಪದ ಸುತ್ತ ಬಳೆಯಂಥ ಬೆಳಕು. ಬಿಳಿ ಬಣ್ಣ ಮಾಸಿದಂತೆ. ರಾತ್ರಿಯ ಟ್ರಿಪ್ಪುಗಳನ್ನು ಮಲೆಯಾಳಿ ಗೆಳೆಯನಿಗೆ ಕೊಟ್ಟು ಅವನ ಹಗಲಿನ ಟ್ರಿಪ್ಪುಗಳನ್ನು ತಾವು ಮಾಡುತ್ತಿದ್ದರು. ರಸ್ತೆ ದಾಟುವವನ ಬಗ್ಗೆ ಅವರಿಗೆ ಚಿಂತೆಯಿರಲಿಲ್ಲ ಎಂದು ಹೇಳಲು ನಮಗೆ ಬಾಯಿ ಬಾರದು. ಅವರು ಮಾಡದೆ ಬಿಟ್ಟದ್ದು ಒಂದೇ: ಕಣ್ಣಿನ ವೈದ್ಯರ ಬಳಿಗೆ ಹೋಗಿರಲಿಲ್ಲ. ಅಲ್ಲಿ ಹೋದರೆ ಕಂಪೆನಿಗೆ ತಿಳಿಯುತ್ತದೆ, ಲೈಸೆನ್ಸು ಹೋಗುತ್ತದೆ ಎಂಬ ಭಯ. ಇಲ್ಲಿ ಹೋದರೆ ಹೆಂಡತಿಗೆ ತಿಳಿಯುತ್ತದೆ ಎಂಬ ಭಯ.

ನಮ್ಮಲ್ಲಿ ಅನೇಕ ಗಂಡಸರು ಪರದೇಶದಲ್ಲಿ ಹೀಗೆ ರೋಗವನ್ನು ಬಚ್ಚಿಟ್ಟುಕೊಂಡು ದುಡಿಯುತ್ತಾರೆ. ರಜೆಯಲ್ಲಿ ಬಂದರೆ ಮದುವೆ, ಬೊಜ್ಜ, ಮನೆ ಕಟ್ಟುವ ಕೆಲಸ ಎಂದು ತಿಂಗಳು ಕಳೆಯುತ್ತದೆ. ಸಕ್ಕರೆ ಕಾಯಿಲೆಯವನು ಕಣ್ಣಿನ ಒಳಪದರವನ್ನು ವರ್ಷಕ್ಕೊಮ್ಮೆ ತೋರಿಸಬೇಕೆಂಬುದು ಯಾರಿಗೂ ನೆನಪಾಗುವುದಿಲ್ಲ. ಈ ಚಾಲಕರಿಗೆ ಇದ್ದುದು ಪೊರೆ. ಕಣ್ಣಿನೊಳಗಿನ ಮಸೂರ ಮಬ್ಬಾಗುವುದೇ ಪೊರೆ. ಅದಕ್ಕೆ ತೊಟ್ಟಿನ ಮದ್ದಿಲ್ಲ, ಕನ್ನಡಕ ಬದಲಿಸಿದರೆ ಸ್ವಲ್ಪ ಕಾಲ ಮಾತ್ರ ನಡೆಯುತ್ತದೆ. ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಇಡುವ ಶಸ್ತ್ರಚಿಕಿತ್ಸೆ ಈಗ ಅರ್ಧ ಗಂಟೆಯೂ ಹಿಡಿಯದ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಇಷ್ಟನ್ನು ತಿಳಿಯದೆ ಮನುಷ್ಯ ಎರಡು ವರ್ಷ ರಾತ್ರಿಯನ್ನು ಕಂಡರೆ ಹೆದರುತ್ತಿದ್ದ.

ಮರುದಿನ ಪತ್ನಿಯೇ ಮಂಗಳೂರಿಗೆ ಕರೆದುಕೊಂಡು ಹೋದರು. ಎರಡು ಕಣ್ಣಿನಲ್ಲೂ ಪೊರೆ, ಬಲಗಣ್ಣಿನಲ್ಲಿ ಹೆಚ್ಚು. ಜುಲೈಯಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಎಡಗಣ್ಣು ಕಾಯಬಹುದು ಎಂದರು ವೈದ್ಯರು. ಕಣ್ಣು ಮಾಗಿ ಕನ್ನಡಕದ ನಂಬರ್ ನಿಲ್ಲಲು ಕೆಲವು ವಾರ ಬೇಕಾಗುತ್ತದೆ. ಅಷ್ಟರಲ್ಲಿ ರಜೆ ಮುಗಿಯಿತು. ಕಂಪೆನಿಗೆ ನಿಜವನ್ನೇ ಬರೆಯಿರಿ ಎಂದು ನಾವು ಹೇಳಿದಾಗ ಅವರು ಹಿಂಜರಿದರು. ನಾವು ಒತ್ತಾಯ ಮಾಡಿದೆವು. ಒತ್ತಾಯ ಮಾಡಿದವರಿಗೆ ಕಳೆದುಕೊಳ್ಳುವುದೇನೂ ಇರಲಿಲ್ಲವೆಂಬುದು ಆ ರಾತ್ರಿ ನಮ್ಮ ಮನಸ್ಸನ್ನು ಕಾಡಿತು. ಕಂಪೆನಿಯವರು ಮೂರು ವಾರ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ ಕೊಟ್ಟರು. ಟ್ರಿಪ್ಪಿನ ಭತ್ಯೆ ಇರಲಿಲ್ಲ. ಆ ತಿಂಗಳು ಮನೆಗೆ ಹಣ ಕಡಿಮೆ ಬಂತು. ಮಗಳ ಫೀಸಿಗೆ ಪತ್ನಿ ಸೊಸೈಟಿಯಲ್ಲಿ ಬಳೆ ಅಡವಿಟ್ಟರು. ಇದನ್ನೂ ಬರೆಯಿರಿ ಎಂದು ಹೇಳಿದವರು ಅವರೇ.

ಈ ನಡುವೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಅವರ ಇಲ್ಲಿಯ, ಅಂದರೆ ಭಾರತದ ಲೈಸೆನ್ಸಿನ ಅವಧಿ ಎಂದೋ ಮುಗಿದಿತ್ತು. ರಜೆಯಲ್ಲಿ ಬಂದಾಗಲೆಲ್ಲ ಬಾವನ ಕಾರು ತೆಗೆದುಕೊಂಡು ಪೂಜೆಗೆ ಬರುತ್ತಿದ್ದರು, ನಾವೂ ಒಂದೆರಡು ಸಲ ಅದರಲ್ಲಿ ಕುಳಿತಿದ್ದೆವು! ಹಿಂದೆ ಅವಧಿ ಮುಗಿದು ಐದು ವರ್ಷದೊಳಗೆ ಹೋದರೆ ಪರೀಕ್ಷೆಯಿಲ್ಲದೆ ನವೀಕರಿಸಬಹುದಿತ್ತು. 2019ರ ತಿದ್ದುಪಡಿಯಾದ ಮೇಲೆ ಅದು ಒಂದು ವರ್ಷಕ್ಕೆ ಇಳಿದಿದೆ; ಅದು ದಾಟಿದರೆ ಮತ್ತೆ ವಾಹನ ಓಡಿಸಿ ತೋರಿಸಬೇಕು. ಅದೇ ತಿದ್ದುಪಡಿ ಒಂದು ಅನುಕೂಲವನ್ನೂ ಮಾಡಿದೆ: ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ನಲವತ್ತು ದಾಟಿದವರು ವೈದ್ಯರ ಪ್ರಮಾಣಪತ್ರ ಕೊಡಬೇಕು. ಕೊಲ್ಲಿಯಿಂದ ಶಾಶ್ವತವಾಗಿ ಹಿಂದಿರುಗಿ ಇಲ್ಲಿ ಟ್ಯಾಕ್ಸಿ ಇಡೋಣ, ಟೆಂಪೋ ಇಡೋಣ ಎನ್ನುವವರು ಹಳೆಯ ಕಾರ್ಡನ್ನು ಈಗಲೇ ತೆಗೆದು ನೋಡಲಿ.

ಅಕ್ಟೋಬರಿನ ಮೊದಲ ವಾರ, ಜಪಮಾಲೆ ಮುಗಿದ ಹೊತ್ತಿಗೆ, ದುಬಾಯಿಯಿಂದ ದೂರವಾಣಿ ಬಂತು. ಪರೀಕ್ಷೆ ಆಯಿತು, ಕನ್ನಡಕ ಹಾಕಿಕೊಂಡು ಓದಿದೆ, ತೇರ್ಗಡೆಯಾದೆ, ಲೈಸೆನ್ಸು ಕೈಗೆ ಬಂತು ಎಂದರು. ತಡವಾದ ದಂಡ ಎಷ್ಟಾಯಿತೆಂದು ನಾವು ಕೇಳಲಿಲ್ಲ. ಅವರು ನಗುತ್ತಾ ಇನ್ನೊಂದು ಮಾತು ಹೇಳಿದರು: "ಅಂಗಡಿಯಲ್ಲಿ ಹಲಗೆಯೇ ಇರಲಿಲ್ಲ ಫಾದರ್. ಒಂದು ಪೆಟ್ಟಿಗೆಯೊಳಗೆ ನೋಡಲು ಹೇಳಿದರು. ಅದರಲ್ಲಿ ಬೇರೆಯೇ ಅಕ್ಷರಗಳು."

ಕಳೆದ ವಾರ ಕುಟುಂಬಗಳ ಭೇಟಿಗೆಂದು ಹೋದಾಗ ಅವರ ಮನೆಗೂ ಹೋಗಿದ್ದೆವು. ಅಡುಗೆಮನೆಯ ಗೋಡೆಯಲ್ಲಿ ಈ ವರ್ಷದ ಕ್ಯಾಲೆಂಡರ್ ಮಾತ್ರ ಇತ್ತು. 2030ರ ಕ್ಯಾಲೆಂಡರ್ ಇನ್ನೂ ಬಂದಿಲ್ಲವಲ್ಲ, ಅದಕ್ಕೆ ಪತ್ನಿ ಕಪಾಟಿನ ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಿ ತಾರೀಖುಗಳನ್ನು ಬರೆದಿಟ್ಟಿದ್ದಾರೆ: ಇವರ ಪಾಸ್‌ಪೋರ್ಟು, ಇವರ ವೀಸಾ, ಇವರ ಲೈಸೆನ್ಸು. ಎಲ್ಲಕ್ಕಿಂತ ಕೆಳಗೆ, ಬೇರೆ ಶಾಯಿಯಲ್ಲಿ: ಎಡಗಣ್ಣು, ಬರುವ ರಜೆಯಲ್ಲಿ.